ಮಲಗಿಸಿದ ಕಲ್ಲುಗಳ ಮೇಲಿನ ಗರಿಕೆ

ಹುಲ್ಲು ಬೆಳೆಸಿದ ಅಂಗಳ ಕಂಡರೆ ನನ್ನ ಕಾಲು ತಾನಾಗಿಯೇ ಚಪ್ಪಲಿ ಬಿಡುತ್ತದೆ. ಬಿಟ್ಟ ಮೇಲೆ ಹುಲ್ಲಿನ ಮೇಲೆ ನಡೆಯುತ್ತೇನೆಯೇ ಅಂದರೆ ಅದೂ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಂಚಿನಲ್ಲೇ ಸುತ್ತು ಹಾಕಿ ಹೋಗುತ್ತೇನೆ. ಮೊನ್ನೆ ಇಲ್ಲಿ ಕೊಳ್ಳೇಗಾಲದಲ್ಲೇ ಒಂದು ಮದುವೆ. ಬಂದವರೆಲ್ಲ ಹುಲ್ಲು ತುಳಿದುಕೊಂಡು ನೇರವಾಗಿ ಊಟಕ್ಕೆ ನಡೆದರು. ನಾನೊಬ್ಬಳು ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಚಪ್ಪಲಿ ಹಿಡಿದು, ಗೋಡೆಯ ಬದಿಯಿಂದ ಕಳ್ಳಿಯ ಹಾಗೆ ಹೋದೆ. ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಹೆಂಗಸು, "ಏನ್ರೀ, ಕಾಲಿಗೆ ಮುಳ್ಳು ಚುಚ್ಚಿತಾ?" ಎಂದು ಕೇಳಿದರು. ಹೌದು ಎಂದೆ. ನಿಜ ಹೇಳಲು ಹೊರಟಿದ್ದರೆ ಅವರ ಪಾಯಸ ತಣ್ಣಗಾಗುತ್ತಿತ್ತು. ನಿಮ್ಮ ಮುಂದೆ ಎಲೆ ಹಾಕಿಲ್ಲವಲ್ಲ, ನಿಮಗೆ ಹೇಳಬಹುದು.

ನಾನು ಹುಟ್ಟಿ ಬೆಳೆದದ್ದು ಪಲ್ಲಡದ ಹತ್ತಿರದ ಒಂದು ನೇಕಾರರ ಬೀದಿಯಲ್ಲಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಕನ್ನಡವನ್ನು ಕೇಳಿ ಮದುವೆಯಾಗಿ ಬಂದ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಕನ್ನಡದ ಅಕ್ಷರ ಕಲಿತದ್ದೂ ಇಲ್ಲಿಗೆ ಬಂದ ಮೇಲೆಯೇ, ನಾದಿನಿಯ ಮಗ ಮಲಗಿದ್ದಾಗ ಅವನ ಪುಸ್ತಕ ಎತ್ತಿಕೊಂಡು. ಈಗಲೂ ಒತ್ತಕ್ಷರ ಬಂದರೆ ಪೆನ್ನು ಒಂದು ಗಳಿಗೆ ಯೋಚಿಸುತ್ತದೆ. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ಕಣ್ಣಾರೆ ಕಂಡದ್ದು ಯಾವುದು, ಅವ್ವನ ಬಾಯಿಂದ ಕೇಳಿದ್ದು ಯಾವುದು ಎಂಬುದನ್ನು ಬೆರೆಸದೆ ಬರೆಯಬೇಕೆಂದಿದ್ದೇನೆ.

ನಮ್ಮ ಬೀದಿಯ ತುದಿಯಲ್ಲಿ ಒಂದು ಉದ್ದನೆಯ ಬಯಲಿತ್ತು. ಪಾವಡಿ ಎನ್ನುತ್ತಿದ್ದೆವು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು, ನಮ್ಮ ಮಾತಿನಲ್ಲಿ ಪಾವನ್ನು, ಅಲ್ಲಿ ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಾಕುತ್ತಿದ್ದರು. ಬಿಸಿಲೇರುವ ಮೊದಲೇ ಕೆಲಸ ಮುಗಿಯಬೇಕು. ಗಂಜಿ ಸವರಿದ ನೂಲು ಒಣಗುವವರೆಗೂ ಕುಂಚ ನಿಲ್ಲಬಾರದು. ನಿಂತರೆ ಎಳೆಗೆ ಎಳೆ ಅಂಟಿಕೊಂಡುಬಿಡುತ್ತದೆ. ಹಾಸಿನ ಈ ಬದಿಗೊಬ್ಬರು, ಆ ಬದಿಗೊಬ್ಬರು ಎದುರುಬದುರು ನಿಂತು ದೊಡ್ಡ ಕುಂಚವನ್ನು ಎಳೆಯುತ್ತಾ ನಡೆಯುತ್ತಾರೆ. ಅವರ ಹಿಂದೆ ಇನ್ನೊಂದು ಜೋಡಿ, ಅದರ ಹಿಂದೆ ಮತ್ತೊಂದು. ಹೆಂಗಸರು ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತಾರೆ. ಒಂದು ಮನೆಯ ಹಾಸು ಎಂದರೆ ಇಡೀ ಬೀದಿಯೇ ಬರುತ್ತಿತ್ತು. ಇವತ್ತು ನಿಮ್ಮದು, ನಾಳೆ ನಮ್ಮದು. ಯಾರಿಗೂ ಕೂಲಿ ಇಲ್ಲ. ಮಕ್ಕಳಾದ ನಮಗೆ ಹಾಸಿನ ಅಡಿಯಲ್ಲಿ ತೆವಳುವುದೇ ಆಟ. ಮೇಲೆ ನೂಲಿನ ಚಾವಣಿ, ಅದರಿಂದ ತೊಟ್ಟಿಕ್ಕುವ ಗಂಜಿ, ಹುಳಿ ವಾಸನೆ, ಎಳೆಗಳ ನಡುವೆ ಸೀಳಿ ಬರುವ ಎಳೆಬಿಸಿಲು. ಕುಂಚದ ಹಿಡಿಯಿಂದ ಬೆನ್ನಿಗೆ ಬೀಳುವ ಪೆಟ್ಟು ಕೂಡ ಅಷ್ಟೇನೂ ನೋಯುತ್ತಿರಲಿಲ್ಲ.

ಹಾಸು ಕಟ್ಟಲು ಎರಡು ಸಾಲು ಕಲ್ಲುಕಂಬಗಳಿದ್ದವು. ಸಣ್ಣ ಮಗುವಿನ ಎತ್ತರ. ಹಗ್ಗ ಉಜ್ಜಿ ಉಜ್ಜಿ ಅವುಗಳ ಕುತ್ತಿಗೆ ನುಣ್ಣಗಾಗಿತ್ತು. ಹೊಸ ಹಾಸು ಕಟ್ಟುವ ದಿನ ಚೌಡಮ್ಮನ ಹೆಸರು ಹೇಳಿ ಕಲ್ಲಿಗೆ ಅರಿಶಿನ ಕುಂಕುಮ ಇಡಬೇಕು. ಆ ಕಲ್ಲಿಗೆ ಯಾರೂ ಒರಗುವುದಿಲ್ಲ, ಆಡು ಕಟ್ಟುವುದಿಲ್ಲ, ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಅಪ್ಪನಿಗೆ ಒಬ್ಬನೇ ಅಣ್ಣ, ನಮ್ಮ ದೊಡ್ಡಪ್ಪ. ತಾತ ಬೇಗ ಹೋಗಿದ್ದರಿಂದ ಅಪ್ಪನನ್ನು ಸಾಕಿದವನು ಅವನೇ. ಕುಂಚ ಹಿಡಿದು ಅಣ್ಣ ತಮ್ಮ ಎದುರುಬದುರು ನಡೆದರೆ ನೋಡಲು ಜನ ನಿಲ್ಲುತ್ತಿದ್ದರಂತೆ. ಇದು ಅವ್ವ ಹೇಳಿದ್ದು. ನಾನು ಕಂಡ ಕಾಲಕ್ಕೆ ಅಪ್ಪ ಮಗ್ಗ ಬಿಟ್ಟು ನೂಲಿನ ವ್ಯಾಪಾರಿಯಾಗಿದ್ದ. ಕೊಯಮತ್ತೂರಿನ ಮಿಲ್ಲುಗಳಿಂದ ನೂಲು ತಂದು ಬೀದಿಗೆ ಕೊಡುತ್ತಿದ್ದ. ನೀಲಗಿರಿಯ ಪೈಕಾರದಿಂದ ಕರೆಂಟು ಬಂದ ಮೇಲೆ ಒಂದರ ಹಿಂದೆ ಒಂದು ಮಿಲ್ಲು ಎದ್ದವು. ನಮ್ಮ ಬೀದಿಯ ಮನೆಗಳೂ ಒಂದೊಂದಾಗಿ ಬೀಗ ಹಾಕಿಕೊಂಡು ಮಿಲ್ಲಿನ ಕಡೆ ಹೊರಟವು. ಪಾವಡಿ ಎಲ್ಲರ ಹೆಸರಿನ ಜಾಗ. ದೊಡ್ಡಪ್ಪನೊಬ್ಬನನ್ನು ಬಿಟ್ಟು ಎಲ್ಲರೂ ಮಾರೋಣ ಎಂದರು. ತಿರುಪ್ಪೂರಿನ ಹತ್ತಿ ವ್ಯಾಪಾರಿಯೊಬ್ಬ ಶೆಡ್ಡು ಹಾಕಲು ಕೇಳಿದ. ಅವನ ಪಾಲಾಗುವುದು ಬೇಡ ಎಂದು ಅಪ್ಪನೇ ಕೊಂಡುಕೊಂಡ. ಅಲ್ಲೇ ಮನೆ ಕಟ್ಟುತ್ತೇನೆ ಎಂದ.

ದೊಡ್ಡಪ್ಪ ಬೈಯಲಿಲ್ಲ. ಈ ಮಾತು ನಾನೇ ಕೇಳಿದ್ದೇನೆ. ನಮ್ಮ ಹಳೆಯ ಮನೆಯ ಜಗಲಿಯಲ್ಲಿ ಕೂತು, "ಬೇರೆ ಯಾವನಾದ್ರೂ ತೊಗೊಂಡಿದ್ರೆ ಬಾಯಿಗೆ ಬಂದಂಗೆ ಬೈದಿರ್ತಿದ್ದೆ, ಸಿದ್ದಾ. ನೀನು ತೊಗೊಂಡೆ. ಬೈಯೋಕೂ ಇಲ್ದಂಗೆ ಮಾಡ್ದೆ. ಶರಿ, ಕಟ್ಕೋ. ಆ ಮನೇಲಿ ನಾನು ಒಂದು ತುತ್ತು ತಿನ್ನೋದಿಲ್ಲ," ಎಂದ.

ಹೊಸ ಮನೆಯ ಪ್ರವೇಶದ ದಿನ ಅಪ್ಪ ಮೊದಲ ಪಂಕ್ತಿಯ ತುದಿಯಲ್ಲಿ ಅಣ್ಣನಿಗೆಂದು ಎಲೆ ಹಾಕಿಸಿದ. ಅನ್ನ ಬಡಿಸಲಿಲ್ಲ, ತೆಗೆಯಲೂ ಬಿಡಲಿಲ್ಲ. ಪಂಕ್ತಿ ಎದ್ದರೂ ಆ ಎಲೆ ಅಲ್ಲೇ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಸಂಜೆ ಅವ್ವ ಅದನ್ನು ಹಸುವಿಗೆ ಹಾಕಿದಳು. ಆಮೇಲೆ ಹಬ್ಬ ಬಂದರೂ ಅಷ್ಟೇ, ಹುಣ್ಣಿಮೆ ಬಂದರೂ ಅಷ್ಟೇ. ಅಪ್ಪ ಹೋಗಿ ಕರೆಯುತ್ತಿದ್ದ, ದೊಡ್ಡಪ್ಪ ಮಗ್ಗದಿಂದ ತಲೆ ಎತ್ತದೆ "ಆಮಾ, ನೋಡೋಣ" ಎಂದು ಹೂಂಗುಟ್ಟುತ್ತಿದ್ದ, ಬರುತ್ತಿರಲಿಲ್ಲ. ಅಪ್ಪನಿಗೆ ಜಗತ್ತಿನಲ್ಲಿ ಬೇರೆ ಏನೂ ಬೇಕಿರಲಿಲ್ಲ. ಅಣ್ಣ ಬಂದು ಊಟಕ್ಕೆ ಕೂರಬೇಕು, ಅಷ್ಟೇ. ಪಾವಡಿ ಹೋದ ಮೇಲೆ ದೊಡ್ಡಪ್ಪ ತನ್ನ ಹಾಸನ್ನು ಗಾಡಿ ರಸ್ತೆಯಲ್ಲೇ ಕಟ್ಟುತ್ತಿದ್ದ. ಹತ್ತಿ ಗಾಡಿಗಳು ಬಂದಾಗ ಬಿಚ್ಚಬೇಕು, ಹೋದಾಗ ಕಟ್ಟಬೇಕು, ಎಳೆಗಳು ಹರಿಯುತ್ತಿದ್ದವು.

ಅಪ್ಪ ಮನೆಯನ್ನು ಜಾಗದ ಹಿಂಬದಿಗೆ ಕಟ್ಟಿಸಿ ಮುಂದಿನ ಉದ್ದನೆಯ ಬಯಲನ್ನು ಹಾಗೇ ಬಿಟ್ಟಿದ್ದ. ಕಲ್ಲುಕಂಬಗಳು ಮಾತ್ರ ಕಾಣಲಿಲ್ಲ, ಮೇಸ್ತ್ರಿ ಸಾಗಿಸಿದ ಎಂದುಕೊಂಡೆವು. ಮಿಲ್ಲಿನ ಮ್ಯಾನೇಜರ್ ಬಂಗಲೆಯ ಮುಂದೆ ಕಂಡಿದ್ದ ಹಾಗೆ ಅಲ್ಲಿ ಹುಲ್ಲು ಬೆಳೆಸಿದ. ಕಾಲುವೆ ಬದಿಯಿಂದ ಗರಿಕೆ ತರಿಸಿ ನೆಟ್ಟ. ಸುತ್ತ ಹಗ್ಗ ಕಟ್ಟಿಸಿದ. ಯಾರೂ ಕಾಲಿಡಕೂಡದು. ಅವ್ವ ಹಪ್ಪಳ ಒಣಗಿಸಕೂಡದು, ನಾನು ಕುಂಟಾಬಿಲ್ಲೆ ಆಡಕೂಡದು. ನೀರು ಹಾಕಲು ತಾನೇ ಇಳಿಯುತ್ತಿದ್ದ, ಅದೂ ಚಪ್ಪಲಿ ಬಿಟ್ಟು. ಪಕ್ಕದ ತೋಟದ ಗೌಂಡರ ಅಜ್ಜಿ ಬೇಲಿಯಾಚೆಯಿಂದ ತಮಿಳಿನಲ್ಲಿ ಕೂಗುತ್ತಿದ್ದಳು: ಮೇಯೋಕೆ ಹಸು ಬಿಡೋಲ್ಲ, ನಡೆಯೋಕೆ ಕಾಲು ಬಿಡೋಲ್ಲ, ಮತ್ತೆ ಈ ಹುಲ್ಲು ಏನಕ್ಕಪ್ಪಾ, ತಲೆಗೆ ಮುಡಿಯೋಕಾ? ಬೀದಿಯವರು ಅಪ್ಪನಿಗೆ ದೊರೆಯ ಗತ್ತು ಬಂದಿದೆ ಎಂದರು. ನಾನೂ ಹಾಗೇ ತಿಳಿದೆ, ಸ್ವಲ್ಪ ಹೆಮ್ಮೆಯನ್ನೂ ಪಟ್ಟೆ. ಶಾಲೆಯಲ್ಲಿ ನಮ್ಮ ಹುಲ್ಲಿನ ಬಗ್ಗೆ ನಾನು ಹೇಳಿದ ಸುಳ್ಳುಗಳನ್ನು ಕೇಳಿದ್ದರೆ ಆ ಮ್ಯಾನೇಜರ್ ದೊರೆಯೂ ನಾಚಿಕೊಳ್ಳುತ್ತಿದ್ದ.

ಮೊದಲ ಬೇಸಿಗೆಯಲ್ಲೇ ಹುಲ್ಲು ಸಾಯತೊಡಗಿತು. ಎಲ್ಲ ಕಡೆ ಅಲ್ಲ, ತುಂಡು ತುಂಡಾಗಿ. ಸುತ್ತ ಹಸಿರು, ನಡುವೆ ಒಂದು ಪಟ್ಟೆ ಒಣಗಿ ಹಳದಿಯಾಗಿ, ಆಮೇಲೆ ಕಂದಾಗಿ ಬೋಳಾಯಿತು. ಸ್ವಲ್ಪ ದೂರದಲ್ಲಿ ಇನ್ನೊಂದು. ಪಟ್ಟೆಗಳು ಉದ್ದುದ್ದ ಇದ್ದವು. ಗೌಂಡರ ಅಜ್ಜಿ ಒಂದು ದಿನ ಬೇಲಿ ಹತ್ತಿರ ಬಂದು ನೋಡಿ, ಎಂದಿನ ಹಾಗೆ ಕೂಗದೆ, ಮೆಲ್ಲಗೆ ಅವ್ವನಿಗೆ ಹೇಳಿದಳು: "ಯಾರೋ ಪಡುತ್ತಿರುಕ್ಕಿರ ಮಾದಿರಿ ಇರುಕ್ಕು, ಕಣ್ಣು." ಯಾರೋ ಮಲಗಿರುವ ಹಾಗಿದೆ. ನಾನು ಆ ಕಡೆ ನೋಡಿದೆ. ಹೌದು. ಮಕ್ಕಳು ಮಲಗಿದಷ್ಟು ಉದ್ದ. ಆವತ್ತಿನಿಂದ ಕತ್ತಲಾದ ಮೇಲೆ ನಾನು ಮುಂಬಾಗಿಲಿಗೆ ಹೋಗಲಿಲ್ಲ.

ಆಮೇಲೆ ನಮ್ಮ ಹುಲ್ಲಿಗೆ ಬಂದ ವೈದ್ಯರನ್ನು ಏನು ಕೇಳುತ್ತೀರಿ! ಒಬ್ಬರು ಗೆದ್ದಲು ಎಂದರು. ಅಪ್ಪ ಬೇವಿನ ಹಿಂಡಿ ಹಾಕಿದ. ಒಬ್ಬರು ನಾಯಿ ಉಚ್ಚೆ ಎಂದರು. ನಮ್ಮ ಬೀದಿಯಲ್ಲಿದ್ದ ಒಂದೇ ನಾಯಿ ಮುದಿಯಾಗಿ ದೊಡ್ಡಪ್ಪನ ಜಗಲಿ ಬಿಟ್ಟು ಏಳುತ್ತಲೇ ಇರಲಿಲ್ಲ, ಆದರೂ ಅಪ್ಪ ಬೇಲಿ ಬಿಗಿ ಮಾಡಿಸಿದ. ಒಬ್ಬರು ಬಾವಿ ನೀರು ಉಪ್ಪು ಎಂದರು. ಅದೇ ನೀರು ಕುಡಿದ ಪಕ್ಕದ ಹುಲ್ಲು ಯಾಕೆ ಸಾಯಲಿಲ್ಲ ಎಂದು ಅವರನ್ನು ಯಾರೂ ಕೇಳಲಿಲ್ಲ. ಅಪ್ಪ ಗೊಬ್ಬರ ಹಾಕಿದ, ಬೂದಿ ಹಾಕಿದ, ಸತ್ತ ಹುಲ್ಲು ಕಿತ್ತು ಹೊಸ ಗರಿಕೆ ನೆಟ್ಟ. ಅದು ಕೆಲವು ದಿನ ನಿಂತು, ಬಿಸಿಲು ಜೋರಾದ ಕೂಡಲೇ ಮೊದಲಿನ ಅಳತೆಗೆ ಸರಿಯಾಗಿ ಸತ್ತಿತು. ಅಪ್ಪ ಸೊರಗಿದ. ಊಟದ ನಡುವೆ ಎದ್ದು ಹೋಗಿ ಹಗ್ಗದ ಹತ್ತಿರ ನಿಲ್ಲುತ್ತಿದ್ದ.

ಅವ್ವನ ಲೆಕ್ಕ ಬೇರೆ. ದೊಡ್ಡವ್ವ ಆನೈಮಲೈಗೆ ಹೋಗಿ ಬಂದಳೆಂದು ಅವಳಿಗೆ ಯಾರೋ ಹೇಳಿದ್ದರು. ಅಲ್ಲಿಯ ಗುಡಿಯಲ್ಲಿ ಮಾಸಾಣಿ ಅಮ್ಮ ಎಂಬ ದೇವಿ ಮಲಗಿದ್ದಾಳೆ. ಅನ್ಯಾಯವಾದವರು ಅಲ್ಲಿಗೆ ಹೋಗಿ ಮೆಣಸಿನಕಾಯಿ ಅರೆದು ಅವಳಿಗೆ ಹಚ್ಚುತ್ತಾರೆ. ಅನ್ಯಾಯ ಮಾಡಿದವರಿಗೆ ಆ ಉರಿ ತಗುಲುತ್ತದೆ ಎಂಬ ನಂಬಿಕೆ. "ನೆಲಾನೇ ಉರೀತಾ ಇದೆ," ಎಂದು ಅವ್ವ ಗೋಡೆಗೆ ತಲೆ ಒರಗಿಸಿದಳು. "ನಾಳೆ ನಮ್ ಕಣ್ಣುಗಳ ಮೇಲೆ ಬರುತ್ತೆ." ಕಣ್ಣು ಎಂದರೆ ಮಕ್ಕಳು, ಎಂದರೆ ನಾನು. ನನಗೆ ಆ ವಾರ ಬೆನ್ನ ಮೇಲೆ ಬೆವರುಸಾಲೆ ಎದ್ದಿತ್ತು. ಅದನ್ನು ಯಾರಿಗೂ ತೋರಿಸಲಿಲ್ಲ.

ರಜೆಗೆ ಸುಬ್ಬು ಮಾವ ಬಂದ. ಅವ್ವನ ತಮ್ಮ, ಕೊಯಮತ್ತೂರಿನಲ್ಲಿ ವ್ಯವಸಾಯದ ಕಾಲೇಜಿನಲ್ಲಿ ಓದುತ್ತಿದ್ದ. ಜೇಬಿನಲ್ಲಿ ಭೂತಕನ್ನಡಿ ಇಟ್ಟುಕೊಂಡಿದ್ದ. ಹುಲ್ಲಿನ ಮೇಲೆ ಬೋರಲಾಗಿ ಮಲಗಿ ಬೇರು ಕಿತ್ತು ನೋಡಿದ, ಮೂಸಿದ, ಬಾಯಿಗೂ ಹಾಕಿಕೊಂಡ. ಗೌಂಡರ ಅಜ್ಜಿ, "ಕೊನೆಗೂ ಮೇಯೋಕೆ ಒಂದು ಬಂತು," ಎಂದಳು. ಮಾವ ಎದ್ದು ಮೊಣಕಾಲು ಕೊಡವಿಕೊಂಡ.

"ಭಾವಾ, ಬೇರನ್ನ ಹುಳ ತಿಂದಿಲ್ಲ. ಸುಟ್ಟಿದೆ. ಹುಳ ನೆಟ್ಟಗೆ ಗೆರೆ ಹಾಕಿಕೊಂಡು ತಿನ್ನೋದಿಲ್ಲ, ರೋಗವೂ ಗುಂಡಗೆ ಹಬ್ಬುತ್ತೆ. ಇಲ್ಲಿ ನೋಡಿ, ಎರಡು ಸಾಲು. ಒಂದರ ಎದುರಿಗೆ ಒಂದು. ಇದು ಮನುಷ್ಯರು ಮಾಡಿದ್ದು. ಅಡೀಲಿ ಏನೋ ಇದೆ."

ಒಲೆಯ ಹತ್ತಿರದ ಕಬ್ಬಿಣದ ಸಲಾಕೆ ತಂದು ಒಂದು ಪಟ್ಟೆಯ ನಡುವೆ ಚುಚ್ಚಿದ. ಒಂದು ಗೇಣೂ ಇಳಿಯಲಿಲ್ಲ, ಣಣ್ ಎಂದಿತು. ಇನ್ನೊಂದು ಪಟ್ಟೆಯಲ್ಲೂ ಅದೇ ಸದ್ದು. ಅವ್ವ ಚೌಡಮ್ಮಾ ಎಂದಳು. ನಾನು ಅಪ್ಪನನ್ನು ನೋಡುತ್ತಿದ್ದೆ. ಇದನ್ನು ನಾನು ಕಣ್ಣಾರೆ ಕಂಡೆ: ಅಪ್ಪನ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

ಅವನು ಅಲ್ಲೇ ಹಗ್ಗದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. "ಪಾವಡಿ ಕಲ್ಲು," ಎಂದ. "ಮೇಸ್ತ್ರಿ ಮೆಟ್ಟಿಲಿಗೆ ಹಾಕೋಣ ಅಂದ. ಒಬ್ಬ ಬಂದು ಬಟ್ಟೆ ಒಗೆಯೋಕೆ ಕೊಡಿ ಅಂದ. ಪಾವು ಕಟ್ಟಿದ ಕಲ್ಲಿನ ಮೇಲೆ ಬಟ್ಟೆ ಒಗೆಯೋದಾ? ನಿಲ್ಸೋಕೂ ಆಗ್ಲಿಲ್ಲ, ಆಚೆ ಹಾಕೋಕೂ ಮನ್ಸು ಬರ್ಲಿಲ್ಲ. ಒಂದೊಂದಕ್ಕೂ ಅರಿಶಿನ ಹಚ್ಚಿ, ನಿಂತಿದ್ದ ಜಾಗದಲ್ಲೇ ಮಲಗಿಸಿ ಮಣ್ಣು ಹಾಕ್ಸಿದೆ. ಮೇಲೆ ಯಾರೂ ಕಾಲಿಡಬಾರ್ದು ಅಂತ ಹುಲ್ಲು."

ಹಗ್ಗ ಯಾಕೆ ಕಟ್ಟಿದ್ದ, ಚಪ್ಪಲಿ ಯಾಕೆ ಬಿಡುತ್ತಿದ್ದ ಎಂಬುದು ನನಗೆ ಆಗ ತಿಳಿಯಿತು. ಅಷ್ಟು ದಿನ ಅವನು ಹಿಂಡಿ ಹಾಕಿದ್ದು, ಬೂದಿ ಹಾಕಿದ್ದು, ನಾಯಿಗೆಂದು ಬೇಲಿ ಬಿಗಿ ಮಾಡಿಸಿದ್ದು ಎಲ್ಲವೂ ಈ ಒಂದು ಕಾರಣ ಅಲ್ಲದಿರಲಿ ಎಂದು.

"ಮಣ್ಣು ಸಾಲದು, ಅಷ್ಟೇ," ಎಂದ ಸುಬ್ಬು ಮಾವ. "ಬಿಸಿಲಿಗೆ ಕಲ್ಲು ಕಾಯುತ್ತೆ, ಬೇರಿಗೆ ನೀರು ನಿಲ್ಲೋಲ್ಲ. ಕಲ್ಲು ಕೀಳಿಸಿಬಿಡಿ, ಮಳೆಗಾಲಕ್ಕೆ ಎಲ್ಲಾ ಹಸಿರಾಗುತ್ತೆ."

ಅಪ್ಪ ಕೈ ಚಾಚಿ ಬೋಳು ಪಟ್ಟೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ತಟ್ಟನೆ ಎದ್ದ. ಅಂಥ ಬೆಳಕು ಅವನ ಮುಖದಲ್ಲಿ ನಾನು ಮತ್ತೆ ಕಾಣಲಿಲ್ಲ. "ಕೀಳಿಸೋದಲ್ಲ ಸುಬ್ಬು, ನಿಲ್ಸೋದು. ಕಲ್ಲು ಇದಾವಲ್ಲ! ಎಬ್ಬಿಸಿ ನಿಲ್ಸಿದ್ರೆ ಅಣ್ಣ ಇಲ್ಲೇ ಪಾವು ಹಾಕ್ಬಹುದು. ರಸ್ತೆ ಯಾಕೆ ಅವನಿಗೆ?" ಎಂದು ನನ್ನ ಕೈ ಹಿಡಿದು ಎಳೆದುಕೊಂಡೇ ಬೀದಿಗೆ ನಡೆದ.

ದೊಡ್ಡಪ್ಪ ಮಗ್ಗದ ಗುಂಡಿಯಲ್ಲಿ ಕೂತಿದ್ದ. ಅಪ್ಪ ಹೇಳಿದ್ದನ್ನೆಲ್ಲ ಕೇಳಿದ. ಲಾಳಿಯನ್ನು ಕೈಯಲ್ಲೇ ಹಿಡಿದುಕೊಂಡು, "ಕಲ್ಲು ಇದೆ, ಶರಿ. ಆಳು ಎಲ್ಲಿದೆ, ಸಿದ್ದಾ?" ಎಂದ.

"ನಾನಿದೀನಿ. ಸುಬ್ಬು ಇದಾನೆ. ಇವಳಿದಾಳೆ."

"ಇವಳಾ? ಇವಳು ಗಂಜಿ ಕುಡೀತಾಳೆ," ಎಂದು ದೊಡ್ಡಪ್ಪ ನಕ್ಕ. ನಕ್ಕದ್ದನ್ನು ಕಂಡು ಅಪ್ಪನ ಕಣ್ಣಲ್ಲಿ ನೀರು ಬಂತು. ಒಳಗಿಂದ ದೊಡ್ಡವ್ವ ಬಂದು ಕಂಬಕ್ಕೆ ಒರಗಿ ನಿಂತಳು. ಯಾರೂ ಕೇಳದಿದ್ದರೂ ಹೇಳಿದಳು: "ನಾನು ಆನೈಮಲೈಗೆ ಹೋಗಿದ್ದು ನಿಜಾ, ಸಿದ್ದಪ್ಪಾ. ಮೆಣಸಿನಕಾಯಿ ಸೆರಗಲ್ಲಿ ಕಟ್ಕೊಂಡೇ ಹೋಗಿದ್ದೆ. ಅರೆಯೋಕೆ ಕೈ ಬರ್ಲಿಲ್ಲ. ತಿರ್ಗಿ ತಂದು ಸಾರಿಗೆ ಹಾಕ್ಬಿಟ್ಟೆ. ನಿನ್ ಹೆಂಡ್ತಿಗೆ ಹೇಳು, ನಿದ್ದೆ ಮಾಡ್ಲಿ."

"ಒಂದು ಪಾವು ಸಿದ್ಧ ಇದೆ," ಎಂದ ದೊಡ್ಡಪ್ಪ. "ಬರ್ತೀನಿ. ಪಾವಡಿಗೆ ಬರ್ತೀನಿ, ಮನೆಗಲ್ಲ."

ಅಪ್ಪ, ಸುಬ್ಬು ಮಾವ ಸೇರಿ ಹುಲ್ಲು ಬಗೆದು ಕಲ್ಲುಗಳನ್ನು ಎಬ್ಬಿಸಿದರು. ಅರಿಶಿನ ಇನ್ನೂ ಅಲ್ಲಲ್ಲಿ ಅಂಟಿಕೊಂಡಿತ್ತು. ಅವ್ವ ಹಿಂದಿನ ದಿನವೇ ರಾಗಿ ಗಂಜಿ ಕಾಸಿ ಇಟ್ಟಳು. ನಸುಕಿನಲ್ಲಿ ದೊಡ್ಡಪ್ಪ, ದೊಡ್ಡವ್ವ ಹಾಸಿನ ಸುರುಳಿ ಹೊತ್ತು ಬಂದರು. ಬೀದಿಯಲ್ಲಿ ಉಳಿದಿದ್ದ ಇಬ್ಬರು ಮುದುಕರೂ ಬಂದರು. ಒಬ್ಬರಿಗೆ ಕಣ್ಣು ಸರಿ ಕಾಣುತ್ತಿರಲಿಲ್ಲ, ಇನ್ನೊಬ್ಬರ ಕೈ ನಡುಗುತ್ತಿತ್ತು. ದೊಡ್ಡಪ್ಪ ಮೊದಲ ಕಲ್ಲಿಗೆ ಕುಂಕುಮ ಇಟ್ಟು ಹಗ್ಗ ಬಿಗಿದ. ಹಾಸು ಉದ್ದಕ್ಕೆ ಎದ್ದು ನಿಂತಿತು. ನಾನು ಅಡಿಯಲ್ಲಿ ತೆವಳಲಿಲ್ಲ. ಆವತ್ತು ನಾನೂ ಒಂದು ಆಳು.

ಅಣ್ಣ ತಮ್ಮ ಎದುರುಬದುರು ನಿಂತು ಕುಂಚ ಹಿಡಿದರು. ಅಪ್ಪನ ಕೈ ಮೊದಲು ತಡವರಿಸಿತು. "ಒತ್ತಬೇಡ್ವೋ, ನೂಲು ಅದು, ಕುದ್ರೆ ಅಲ್ಲ," ಎಂದ ದೊಡ್ಡಪ್ಪ. ಆಮೇಲೆ ಕೈ ಹದಕ್ಕೆ ಬಂತು. ಅವ್ವ ಹೇಳುತ್ತಿದ್ದದ್ದು ಸುಳ್ಳಲ್ಲ. ಇಬ್ಬರೂ ಒಂದೇ ಉಸಿರಿನಲ್ಲಿ ನಡೆದರು. ಕುಂಚ ಸರ್ ಎಂದು ಹೋಗುತ್ತಿತ್ತು, ಗಂಜಿ ಸಣ್ಣಗೆ ಮಿನುಗುತ್ತಿತ್ತು. ನಾನು ಗಂಟು ಹಾಕುವುದನ್ನು ಮರೆತು ನೋಡಿದೆ.

ಆದರೆ ಅವರ ಹಿಂದೆ ಬರಬೇಕಾದ ಜೋಡಿಗಳು ಇರಲಿಲ್ಲ. ಅವರು ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಒಣಗತೊಡಗಿತು. ಸುಬ್ಬು ಮಾವನೂ ಆ ಮುದುಕರೂ ಈ ಕಡೆ ಕುಂಚ ಎಳೆದರು. ಮಾವನಿಗೆ ಹದ ಗೊತ್ತಿಲ್ಲ, ಮುದುಕರಿಗೆ ವೇಗ ಸಾಲದು. ಬಿಸಿಲು ಏರಿತು. ಪಾಲ್ಘಾಟಿನ ಕಡೆಯ ಗಾಳಿ ಎದ್ದಿತು. ಅಪ್ಪ ಆ ತುದಿಯಿಂದ ಓಡಿ ಬಂದ, ನಡುವೆ ಅಂಟಿತು. ನಡುವಿಗೆ ಓಡಿದ, ಆ ತುದಿ ಅಂಟಿತು. ಅವ್ವ, ದೊಡ್ಡವ್ವ ಬೆರಳಿನಿಂದ ಎಳೆ ಬಿಡಿಸುತ್ತಾ ಹೋದರು, ಬಿಡಿಸಿದಲ್ಲೆಲ್ಲ ಹರಿಯಿತು. "ಸೀಕ್ರ, ಸೀಕ್ರ," ಎಂದು ಅಪ್ಪ ಎಲ್ಲರನ್ನೂ ಕೂಗುತ್ತಿದ್ದ. ಅವನ ಧ್ವನಿ ಒಡೆದಿತ್ತು. ದೊಡ್ಡಪ್ಪ ಮಾತ್ರ ಯಾವಾಗಲೋ ಕುಂಚ ಕೆಳಗಿಟ್ಟು ನಿಂತಿದ್ದ. ಹಾಸನ್ನು ಬೆರಳಿನಿಂದ ತಟ್ಟಿದ. ಹಪ್ಪಳದ ಹಾಗೆ ಸದ್ದಾಯಿತು.

"ಇನ್ನೊಂದ್ಸಲ ನೆನೆಸಿದರೆ?" ಎಂದ ಸುಬ್ಬು ಮಾವ. ಕಣ್ಣು ಕಾಣದ ಮುದುಕರು ಇನ್ನೂ ಕುಂಚ ಎಳೆಯುತ್ತಲೇ ಇದ್ದರು. ದೊಡ್ಡಪ್ಪ ಅವರ ಕೈ ಹಿಡಿದು ನಿಲ್ಲಿಸಿದ. ಸೊಂಟದ ಚಾಕು ತೆಗೆದು ಕಲ್ಲಿನ ಹತ್ತಿರ ಹಾಸನ್ನು ಕೊಯ್ದ. ಅದು ಮೆತ್ತಗೆ ಬೀಳಲಿಲ್ಲ, ಹಲಗೆಯ ಹಾಗೆ ಬಾಗಿ ನೆಲಕ್ಕೆ ತಗುಲಿತು.

ಆಮೇಲೆ ದೊಡ್ಡಪ್ಪ ತಿರುಗಿ ಬೇಲಿಯ ಕಡೆ ಹೋಗಲಿಲ್ಲ. ನಮ್ಮ ಮನೆಯ ಮೆಟ್ಟಿಲು ಹತ್ತಿದ. ಒಂದು, ಇನ್ನೊಂದು, ಜಗಲಿ, ಹೊಸಿಲು. ಅಪ್ಪ ಗರಬಡಿದವನ ಹಾಗೆ ಹಿಂದೆ ಹೋದ.

"ಹಸಿವು ಕಣೋ ಸಿದ್ದಾ. ಏನಿದೆ?" ಎಂದ ದೊಡ್ಡಪ್ಪ.

ಅವ್ವ ಓಡಿದಳು. ಮಣೆ ಹಾಕಿದಳು, ಎಲೆ ಹಾಕಿದಳು. ಅವಸರದಲ್ಲಿ ನೀರು ಚೆಲ್ಲಿದಳು. ಅಪ್ಪ ಕಾದಿದ್ದ ಗಳಿಗೆ ಅದು. ದೊಡ್ಡಪ್ಪ ಕೂರದೆ ನಿಂತೇ ಹೇಳಿದ, ಸಾಮಾನ್ಯ ಮಾತಿನ ಹಾಗೆ: "ನೂಲಿಗೆ ಅಂತ ಮಿಲ್ಲಿಗೆ ಹೋಗ್ತಿರ್ತೀಯಲ್ಲ. ಅಲ್ಲಿ ಮೇಸ್ತ್ರಿಗಳ ಹತ್ರ ಒಂದು ಮಾತು ಹೇಳು. ಏನಾದ್ರೂ ವೇಲೆ, ಗುಡಿಸೋ ಕೆಲಸ ಆದ್ರೂ ಪರವಾಯಿಲ್ಲ. ಅಣ್ಣ ಅಂತ ಹೇಳ್ಬೇಡ. ತಿಳಿದವರು ಅಂತ ಹೇಳು, ಸಾಕು."

ಅಪ್ಪ ಮಣೆಯನ್ನು ಎಲೆಯ ಹತ್ತಿರಕ್ಕೆ ಸರಿಸಿದ.

ದೊಡ್ಡಪ್ಪ ಸುತ್ತ ನೋಡಿದ. ಬಿಳಿ ಗೋಡೆ, ಕೆಂಪು ನೆಲ, ಎಲೆ. ಮೊಣಕೈವರೆಗೂ ಒಣಗಿ ಬಿರುಕು ಬಿಟ್ಟ ಗಂಜಿಯ ತನ್ನ ಎರಡೂ ಕೈಗಳನ್ನು ಯಾವುದಕ್ಕೂ ತಗುಲದ ಹಾಗೆ ಮುಂದೆ ಹಿಡಿದುಕೊಂಡಿದ್ದ. ಊರಿಗೆ ಹೊಸಬ ಕೇಳುವ ಹಾಗೆ, ತುಂಬ ಮರ್ಯಾದೆಯಿಂದ, ತಮ್ಮನನ್ನು ಕೇಳಿದ:

"ಇಲ್ಲಿ ಕೈ ಎಲ್ಲಿ ತೊಳೆಯೋದಪ್ಪಾ?"

ಅಪ್ಪ ಚೊಂಬು ತಂದ. ಬಚ್ಚಲು ತೋರಿಸಲಿಲ್ಲ, ಅಲ್ಲೇ ಹೊಸಿಲಿನಾಚೆ ಕೂತು ಅಣ್ಣನ ಕೈ ಮೇಲೆ ನೀರು ಹುಯ್ದ. ಒಣಗಿದ ಗಂಜಿ ಅಷ್ಟು ಬೇಗ ಬಿಡುವುದಿಲ್ಲ. ಚೊಂಬು ಖಾಲಿಯಾಯಿತು. ಅವ್ವ ಇನ್ನೊಂದು ತಂದಳು.